ಹಿರಿಯರ ಆರೈಕೆಗೆ ಉಸ್ತುವಾರಿ ಯಾರದು? – ಬಳ್ಳಿಗಾವೆಯಿಂದ ಸಿನ್ನರ್‌ವರೆಗೆ



ಈ ಸಲದ ಇ-ಸ್ಮರಣ ಸಂಚಿಕೆಗೆ ‘ಹಿರಿಯರು’ ಎಂಬ ವಿಷಯ ಕೊಟ್ಟಾಗ ಅಜ್ಜಿಯ ಕೈತುತ್ತು, ಅಜ್ಜನ ಊರುಗೋಲು ಎಂದು ಬರೆಯುವ ಆಸೆ ನನಗೂ ಆಯಿತು. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ವೇದಿಕೆಯಲ್ಲಿ ಬೇಕಾದಷ್ಟು ಜನ ಇದ್ದೀರಿ. ನಾನು ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಮ್ಮ ವೃತ್ತಿಯಲ್ಲಿ ಒಂದು ವ್ಯವಸ್ಥೆ ಕಟ್ಟಿದ ಕೂಡಲೇ ಕೇಳುವ ಪ್ರಶ್ನೆ, “ಇದು ರಾತ್ರಿ ಎರಡು ಗಂಟೆಗೆ ಕೆಟ್ಟರೆ ಯಾರಿಗೆ ಗೊತ್ತಾಗುತ್ತದೆ?” ಎಂದು. ಕಟ್ಟುವುದು ಸುಲಭ, ಕಾಯುವುದು ಕಷ್ಟ. ಅದೇ ಪ್ರಶ್ನೆಯನ್ನು ಹಿರಿಯರ ಸೇವೆಯ ಇತಿಹಾಸಕ್ಕೆ ಕೇಳಿದರೆ ಏನಾಗುತ್ತದೆ ನೋಡೋಣ ಎಂದು ಕೂತೆ. ಊಟ ಕೊಟ್ಟವರು, ಆಶ್ರಯ ಕೊಟ್ಟವರು, ಪಿಂಚಣಿ ಕೊಟ್ಟವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಅದು ನಿಜವಾಗಿ ಮುದುಕರ ತಟ್ಟೆಗೆ, ಕೈಗೆ ತಲುಪಿತೇ ಎಂದು ಊರಿನ ಪರವಾಗಿ ಹೋಗಿ ನೋಡುವವರು ಯಾರು ಎಂದು ಹುಡುಕಿದರೆ ಮಾತ್ರ ಪುಟಗಳು ಖಾಲಿಯಾಗುತ್ತ ಹೋಗುತ್ತವೆ.

ನಾವಿರುವ ಸಿನ್ನರ್‌ನಿಂದಲೇ ಶುರುಮಾಡುತ್ತೇನೆ. ನಾಸಿಕ್‌ನಿಂದ ಪುಣೆಯ ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಬಂದರೆ ಸಿಗುವ ಈ ಊರನ್ನು ನಮ್ಮಲ್ಲಿ ಹೆಚ್ಚಿನವರು ಮಾಳೆಗಾಂವ್ ಎಂಐಡಿಸಿಯ ಕಾರ್ಖಾನೆಗಳಿಂದ ಬಲ್ಲರು. ಆದರೆ ಗೊಂದೇಶ್ವರ ದೇವಸ್ಥಾನದ ಮುಂದೆ ನಿಂತರೆ ಕನ್ನಡಿಗರಿಗೆ ಇದು ಪರವೂರು ಅನಿಸುವುದಿಲ್ಲ. ಸೇವುಣರ, ಅಂದರೆ ದೇವಗಿರಿಯ ಯಾದವರ ಮೊದಲ ನೆಲೆಗಳಲ್ಲಿ ಇದೂ ಒಂದು. ಸೇವುಣಚಂದ್ರ ಕಟ್ಟಿದ ಸೇವುಣಪುರ ಇದೇ ಸಿನ್ನರ್ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಧಾಡಿಯಪ್ಪ, ವಡ್ಡಿಗ ಎಂಬ ಹೆಸರುಗಳು ಆ ಮನೆತನದ ವಂಶಾವಳಿಯಲ್ಲಿವೆ. ಕಿವಿಗೆ ನಮ್ಮ ಕಡೆಯ ಹೆಸರುಗಳೇ! ಐದನೆಯ ಭಿಲ್ಲಮ 12ನೆಯ ಶತಮಾನದ ಕೊನೆಯಲ್ಲಿ ರಾಜಧಾನಿಯನ್ನು ದೇವಗಿರಿಗೆ, ಇಂದಿನ ಛತ್ರಪತಿ ಸಂಭಾಜಿನಗರದ ಬಳಿಗೆ, ಒಯ್ದ. ಆಮೇಲೆ ಸಿಂಘಣನ ಕಾಲಕ್ಕೆ ಇವರ ಆಳ್ವಿಕೆ ಕನ್ನಡ ನಾಡಿನ ಒಳಗೆ ದೂರದವರೆಗೆ ಹಬ್ಬಿತು. ಸೇವುಣರ ಕಾಲದ ಶಾಸನಗಳಲ್ಲಿ ದೊಡ್ಡ ಪಾಲು ಸಿಗುವುದು ಕರ್ನಾಟಕದಲ್ಲೇ, ಅದೂ ಕನ್ನಡದಲ್ಲಿ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲೂ ಸಿಂಘಣನ ಹೆಸರಿನ ಶಾಸನಗಳಿವೆ.

ಬಳ್ಳಿಗಾವೆ ಎಂದೊಡನೆ ಅಲ್ಲಮ, ಅಕ್ಕ ನೆನಪಾಗುವುದು ಸಹಜ. ನನಗೆ ಬೇಕಾದದ್ದು ಸೇವುಣರು ಅಲ್ಲಿಗೆ ಬರುವ ಅರ್ಧ ಶತಮಾನ ಮೊದಲಿನದು, 1162ರ ಒಂದು ಶಾಸನ. ಬಿಜ್ಜಳನ ಕಾಲದ್ದು. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ವರ್ಣನೆ ಅದರಲ್ಲಿದೆ. ವೇದ, ವ್ಯಾಕರಣ, ತರ್ಕ, ಪುರಾಣ, ಕಾವ್ಯ, ನಾಟಕ ಕಲಿಸುವ ಜಾಗ ಎನ್ನುವ ಪಟ್ಟಿ ಮೊದಲು. ನಂತರ ಇನ್ನೊಂದು ಪಟ್ಟಿ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಭಿಕ್ಷುಗಳು, ಎಲ್ಲರಿಗೂ ಇಲ್ಲಿ ಅನ್ನ ಉಂಟು, ರೋಗಿಗಳಿಗೆ ಚಿಕಿತ್ಸೆ ಉಂಟು, ಎಲ್ಲ ಜೀವಿಗಳಿಗೂ ಅಭಯ ಉಂಟು ಎಂಬ ಅರ್ಥದ ಮಾತುಗಳು. ‘ಮುದುಕರು’ ಎಂದು ಬೇರೆಯಾಗಿ ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೇನೋ. ಕಣ್ಣು ಮಂಜಾದವರು, ಕಾಲು ಸೋತವರು, ಕಿವಿ ಹೋದವರು, ದಿಕ್ಕಿಲ್ಲದವರು ಎಂದರೆ ಅವರಲ್ಲಿ ಎಷ್ಟು ಜನ ವಯಸ್ಸಾದವರು ಎಂದು ನಾವೇ ಎಣಿಸಬಹುದು.

ಇನ್ನು ನನ್ನ ಪ್ರಶ್ನೆ. ಆ ಅನ್ನ ದಿನವೂ ಬೆಂದಿತೇ ಎಂದು ನೋಡುತ್ತಿದ್ದವರು ಯಾರು? ಮಠದ ಆಚಾರ್ಯರ ಕೈಗೆ ದತ್ತಿ ಬರುತ್ತಿತ್ತು. ಇಂಥ ದತ್ತಿಗಳನ್ನು ಊರಿನ ಮಹಾಜನರ, ಸ್ಥಾನಿಕರ, ನಗರದ ವರ್ತಕರ ಸಮಕ್ಷಮದಲ್ಲಿ ಕೊಡುವುದು ಆ ಕಾಲದ ರೂಢಿ. ಯಾವ ಹೊಲ, ಅದರ ಮೇರೆ ಎಲ್ಲಿಂದ ಎಲ್ಲಿಗೆ, ಯಾವ ಸುಂಕದ ಎಷ್ಟು ಪಾಲು ಎಂದು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸುತ್ತಿದ್ದರು. ಕೊನೆಗೊಂದು ಶಾಪ: ಈ ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂದು. ಶಾಲೆಯಲ್ಲಿ ಇದನ್ನು ಓದಿದಾಗ ನಾವೆಲ್ಲ ನಕ್ಕಿದ್ದೆವು. ಈಗ ನನಗೆ ಅದು ಆಡಿಟ್ ವರದಿಯ ಹಿಂದಿನ ಕಾಲದ ರೂಪ ಎನಿಸುತ್ತದೆ. ನೋಡುವ ಅಧಿಕಾರಿ ಇಲ್ಲದ ಕಡೆ ದೇವರನ್ನೇ ನಿಲ್ಲಿಸಿದ್ದರು. ಜೊತೆಗೆ ಊರನ್ನೂ. ಯಾಕೆಂದರೆ ಕಲ್ಲು ಊರ ನಡುವೆಯೇ ಇತ್ತು, ಓದಬಲ್ಲವರು ದಿನವೂ ಅದರ ಮುಂದೆಯೇ ಓಡಾಡುತ್ತಿದ್ದರು. ಅದರ ಕೊರತೆಯೂ ಅಷ್ಟೇ ಸ್ಪಷ್ಟ. ಶಾಪ ಇರುವುದು ದತ್ತಿ ಕಸಿದವನಿಗೆ. ದತ್ತಿ ಹಾಗೇ ಇದ್ದು ಅನ್ನ ಮಾತ್ರ ನಿಂತುಹೋದರೆ? ಕುರುಡಿಯೊಬ್ಬಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ? ಅದಕ್ಕೆ ಕಲ್ಲಿನಲ್ಲಿ ಜಾಗ ಇಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ಈ ವಿಷಯದಲ್ಲಿ ಸ್ವಲ್ಪ ಬಿಗಿ. ಮಕ್ಕಳು, ಮುದುಕರು, ರೋಗಿಗಳು, ಅನಾಥರನ್ನು ರಾಜ ಪೋಷಿಸಬೇಕು ಎನ್ನುತ್ತದೆ. ಶಕ್ತಿಯಿದ್ದೂ ತಂದೆ ತಾಯಿಯನ್ನು ಸಾಕದವನಿಗೆ 12 ಪಣ ದಂಡ. ಆದರೆ ಅದು ಹೀಗೆ ಆಗಬೇಕು ಎಂದು ಹೇಳುವ ಗ್ರಂಥ, ಹೀಗೆ ನಡೆಯಿತು ಎನ್ನುವ ದಾಖಲೆಯಲ್ಲ. ಆದ್ದರಿಂದ ಮುಂದೆ ಹೋಗುತ್ತೇನೆ.

ಬ್ರಿಟಿಷರ ಕಾಲಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಅವರ ಸ್ವಂತ ನಾಡಿನಲ್ಲಿ 1601ರಿಂದಲೇ ಬಡವರ ಕಾನೂನು ಇತ್ತು. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ಸುತ್ತಲ ಊರು, ತನ್ನ ಮುದುಕರನ್ನೂ ಅಶಕ್ತರನ್ನೂ ತಾನೇ ನೋಡಿಕೊಳ್ಳಬೇಕು. ಅದಕ್ಕೆ ಮನೆ ಮನೆಯಿಂದ ತೆರಿಗೆ ಎತ್ತಬೇಕು. ಎತ್ತಲು, ಹಂಚಲು ‘ಬಡವರ ಮೇಲ್ವಿಚಾರಕ’ ಎಂಬ ಹುದ್ದೆಯೇ ಇತ್ತು. 1834ರಲ್ಲಿ ಆ ಕಾನೂನು ಬದಲಾಗಿ ವರ್ಕ್‌ಹೌಸ್‌ಗಳು ಬಂದವು. ಬಡ ಮುದುಕರ ಕೊನೆಯ ಮನೆ ಎಂದರೆ ಅದೇ ಆಯಿತು. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸ್‌ನಲ್ಲಿ, ಗೊಬ್ಬರಕ್ಕಾಗಿ ಮೂಳೆ ಪುಡಿ ಮಾಡಲು ಹಚ್ಚಿದ್ದ ಜನ ಹಸಿವು ತಾಳದೆ ಆ ಮೂಳೆಯ ಚೂರುಗಳನ್ನೇ ಚೀಪುತ್ತಿದ್ದರು ಎಂಬುದು ಹೊರಬಿತ್ತು. ಅಲ್ಲಿಯೂ ಮೇಲ್ವಿಚಾರಣೆಗೆ ಮಂಡಳಿ ಇತ್ತು. ಊಟದ ಕೋಣೆಗೆ ಹೋಗಿ ತಟ್ಟೆ ನೋಡುವವರು ಇರಲಿಲ್ಲ.

ತಟ್ಟೆ ನೋಡಲು ಹೊರಟವಳು ಒಬ್ಬ ಹೆಣ್ಣುಮಗಳು. ಆಕೆಯ ಬಗ್ಗೆ ನಮ್ಮ ವೇದಿಕೆಯಲ್ಲಿ ಹೇಳದಿದ್ದರೆ ಹೇಗೆ? ಹೆಸರು ಲೂಯಿಸಾ ಟ್ವೈನಿಂಗ್. ಅಂಗಡಿಗಳಲ್ಲಿ ಇಂದಿಗೂ ಸಿಗುವ ಟ್ವೈನಿಂಗ್ಸ್ ಚಹಾದ ಮನೆತನದವಳು. 1853ರಲ್ಲಿ ಪರಿಚಯದ ಮುದುಕಿಯೊಬ್ಬಳನ್ನು ನೋಡಲು ಲಂಡನ್ನಿನ ಸ್ಟ್ರ್ಯಾಂಡ್ ವರ್ಕ್‌ಹೌಸ್‌ಗೆ ಹೋದಳು. ಒಳಗಿನ ಸ್ಥಿತಿ ಕಂಡು, ಹೆಂಗಸರು ನಿಯಮಿತವಾಗಿ ಬಂದು ನೋಡಲು ಅವಕಾಶ ಕೊಡಿ ಎಂದು ಕೇಳಿದಳು. ಮೊದಲು ಸಿಕ್ಕಿದ್ದು ನಿರಾಕರಣೆ. ಪಟ್ಟು ಬಿಡಲಿಲ್ಲ. 1858ರಲ್ಲಿ ವರ್ಕ್‌ಹೌಸ್ ಭೇಟಿ ಸಂಘ ಹುಟ್ಟಿತು. ಆ ಹೆಂಗಸರು ಹೂವು, ಪುಸ್ತಕ ಒಯ್ದರು, ಅದು ನೆಪ. ನಿಜವಾದ ಕೆಲಸ ಕಣ್ಣಿನದು. ದಾದಿಯರು ತರಬೇತಾದವರೇ, ಅಥವಾ ಅಲ್ಲೇ ಬಿದ್ದಿದ್ದ ಇನ್ನೊಬ್ಬ ಅಶಕ್ತ ಮುದುಕಿಗೇ ಆ ಕೆಲಸ ಕೊಟ್ಟಿದ್ದಾರೆಯೇ? ಇಂಥದ್ದನ್ನು ನೋಡಿ ಬರೆದರು, ಸಾಕ್ಷ್ಯ ನುಡಿದರು. 1875ರಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಬಡವರ ಕಾನೂನಿನ ಮಂಡಳಿಗೆ ಚುನಾಯಿತರಾದರು. ಟ್ವೈನಿಂಗ್ ಕೂಡ ಆಮೇಲೆ ಕೆನ್ಸಿಂಗ್ಟನ್‌ನಲ್ಲಿ ಆ ಸ್ಥಾನಕ್ಕೆ ಬಂದಳು. ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟಿನ ಮತ ಸಿಗುವ ದಶಕಗಳ ಮುಂಚೆ ಸ್ಥಳೀಯ ಆಡಳಿತದ ಬಾಗಿಲು ತೆರೆದ ಬೀಗದಕೈಗಳಲ್ಲಿ ಮುದುಕರ ಈ ಉಸ್ತುವಾರಿಯೂ ಒಂದು.

ಈ ಕಾನೂನನ್ನು ಅವರು ನಮ್ಮಲ್ಲಿಗೆ ತರಲಿಲ್ಲ. ರೈಲು ತಂದರು, ಅಂಚೆ ತಂದರು, ದಂಡಸಂಹಿತೆ ತಂದರು. ಬಡವರ ಕಾನೂನು ಮಾತ್ರ ಹಡಗು ಹತ್ತಲಿಲ್ಲ. ಇಲ್ಲಿ ಕೂಡುಕುಟುಂಬ, ಜಾತಿ, ಧರ್ಮಛತ್ರ ನೋಡಿಕೊಳ್ಳುತ್ತವೆ ಎಂಬ ಸಮಾಧಾನ ಅವರಿಗೆ ಅನುಕೂಲಕರವಾಗಿತ್ತು. ಬರ ಬಂದಾಗ ಮಾತ್ರ ಬರಗಾಲದ ಸಂಹಿತೆಯಂತೆ ಬಡವರ ಮನೆ ತೆರೆಯುವುದು, ಮಳೆ ಬಂದ ಮೇಲೆ ಮುಚ್ಚುವುದು. ಉಳಿದದ್ದು ದಾನಿಗಳ ಪಾಲು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1840ರಲ್ಲಿ ಫ್ರೆಂಡ್ ಇನ್ ನೀಡ್ ಸೊಸೈಟಿ ಹುಟ್ಟಿತು. ಪುಣೆಯಲ್ಲಿ 1860ರ ದಶಕದಲ್ಲಿ ಡೇವಿಡ್ ಸಸೂನ್ ಹೆಸರಿನ ಅಶಕ್ತರ ಆಶ್ರಯಧಾಮ ಬಂತು. 1900ರಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಸಂನ್ಯಾಸಿನಿಯರು ಬೆಂಗಳೂರಿನಲ್ಲಿ ವೃದ್ಧರ ಮನೆ ತೆರೆದರು. ಎಲ್ಲವೂ ಒಳ್ಳೆಯ ಮನಸ್ಸಿನ ಕೆಲಸಗಳೇ. ಆದರೆ ಪುರಸಭೆಗೆ ಇವುಗಳ ಜೊತೆ ಹೇಳಿಕೊಳ್ಳುವಂಥ ಸಂಬಂಧ ಇರಲಿಲ್ಲ.

ಈಗ ನಾನು ಮೊದಲಿಗೆ ನಂಬಲಾರದೆ ಎರಡು ಸಲ ಓದಿದ ಭಾಗ. 1882ರಲ್ಲಿ ಲಾರ್ಡ್ ರಿಪನ್ನನ ನಿರ್ಣಯದ ಬಳಿಕ ಸ್ಥಳೀಯ ಸ್ವಯಮಾಡಳಿತ ಬೆಳೆಯಿತು. ಮುಂಬೈ ಪ್ರಾಂತ್ಯದ ಪುರಸಭೆ ಕಾನೂನುಗಳಲ್ಲಿ ಎರಡು ಪಟ್ಟಿಗಳು: ಕಡ್ಡಾಯ ಕರ್ತವ್ಯಗಳು, ಐಚ್ಛಿಕ ಕರ್ತವ್ಯಗಳು. ಬೀದಿ ದೀಪ, ರಸ್ತೆ ಗುಡಿಸುವುದು, ಚರಂಡಿ, ಹೆಣ ಸುಡುವ ಜಾಗ, ಇವು ಕಡ್ಡಾಯ. ಇಂದು ಸಿನ್ನರ್ ನಗರ ಪರಿಷತ್ತು ನಡೆಯುವ ಮಹಾರಾಷ್ಟ್ರದ 1965ರ ಕಾನೂನಿನಲ್ಲೂ ಅದೇ ಎರಡು ಪಟ್ಟಿ ಉಳಿದಿವೆ. ಅಶಕ್ತರ ಮತ್ತು ನಿರ್ಗತಿಕರ ಮನೆಗಳು ಬರುವುದು ಐಚ್ಛಿಕ ಪಟ್ಟಿಯಲ್ಲಿ, ಉದ್ಯಾನ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಸಾಲಿನಲ್ಲಿ. ಕರ್ನಾಟಕದ 1964ರ ಪುರಸಭೆ ಕಾನೂನಿಗೂ ಇದೇ ಎರಡು ಪಟ್ಟಿಗಳ ಅಚ್ಚು. ಕನ್ನಡದ ವ್ಯಾಕರಣದಲ್ಲಿ ಹೇಳುವುದಾದರೆ ದೀಪಕ್ಕೆ ‘ಬೇಕು’, ಮುಪ್ಪಿಗೆ ‘ಬಹುದು’. ಸುಡುಗಾಡು ‘ಬೇಕು’, ಅದಕ್ಕೆ ಮುಂಚಿನ ಹತ್ತು ವರ್ಷ ‘ಬಹುದು’.

ಸ್ವಾತಂತ್ರ್ಯದ ನಂತರ ಸಂವಿಧಾನದ 41ನೆಯ ವಿಧಿಯಲ್ಲಿ ಮುಪ್ಪಿನ ಹೆಸರು ಬಂತು, ಆದರೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತಿನೊಂದಿಗೆ. 1992ರ 74ನೆಯ ತಿದ್ದುಪಡಿ ನಗರಾಡಳಿತಕ್ಕೆ 18 ವಿಷಯಗಳ ಪಟ್ಟಿ ಕೊಟ್ಟಿತು. ಅದರಲ್ಲಿ ದುರ್ಬಲ ವರ್ಗಗಳ ಹಿತರಕ್ಷಣೆ ಇದೆ, ಅಂಗವಿಕಲರ ಹೆಸರಿದೆ. ಮುದುಕರ ಹೆಸರಿಲ್ಲ.

ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳ ದುಡ್ಡಿಗೂ ನಿರಾಶ್ರಿತ ಮುದುಕರಿಗೂ ನೇರ ನಂಟಿರುವ ಒಂದು ಕಾನೂನು ಉಂಟು. ಬೆಂಗಳೂರಿನಲ್ಲಿ ಮನೆ ಇರುವವರು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ‘ಭಿಕ್ಷುಕರ ಕರ’ ಎಂಬ ಸಾಲು ಕಾಣುತ್ತದೆ. ಮೈಸೂರು ಸಂಸ್ಥಾನದಲ್ಲಿ 1944ರಲ್ಲಿ ಭಿಕ್ಷಾಟನೆ ನಿಷೇಧದ ಕಾನೂನು ಬಂತು. 1975ರಲ್ಲಿ ಇಡೀ ಕರ್ನಾಟಕಕ್ಕೆ ಹೊಸ ಕಾಯ್ದೆ. ಕಟ್ಟಡ ಮತ್ತು ಜಮೀನಿನ ತೆರಿಗೆಯ ಮೇಲೆ ಶೇಕಡ 3ರಷ್ಟು ಕರವನ್ನು ಸ್ಥಳೀಯ ಸಂಸ್ಥೆ ಎತ್ತಬೇಕು, ವಸೂಲಿಯ ಖರ್ಚು ಇಟ್ಟುಕೊಂಡು ಉಳಿದದ್ದನ್ನು ಕೇಂದ್ರ ಪರಿಹಾರ ನಿಧಿಗೆ ಕಟ್ಟಬೇಕು. ಅದರಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕು. ಕಾಗದದ ಮೇಲೆ ನೋಡಿದರೆ 1601ರ ಇಂಗ್ಲಿಷ್ ವ್ಯವಸ್ಥೆಯನ್ನು ಹೋಲುತ್ತದೆ: ಊರವರ ತೆರಿಗೆ, ಊರಿನ ಅಶಕ್ತರು. ಒಂದು ವ್ಯತ್ಯಾಸ ಇದೆ. ಇಲ್ಲಿ ತೆರಿಗೆ ಎತ್ತುವವರು ಬೇರೆ, ಕೇಂದ್ರ ನಡೆಸುವ ಸಮಿತಿ ಬೇರೆ. ಕಾರ್ಪೊರೇಟರ್ ಎಂಬುವರಿಗೆ ತಮ್ಮ ವಾರ್ಡಿನ ದುಡ್ಡು ಹೋದ ಜಾಗವನ್ನು ನೋಡುವ ಹೊಣೆ ಇಲ್ಲ.

2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ವಾಂತಿ, ಭೇದಿ. ಪತ್ರಿಕೆಗಳು ಒಳಗೆ ಹೋದ ಮೇಲೆ ತಿಳಿದದ್ದು, ಸಾವು ಅಲ್ಲಿ ಹೊಸದೇ ಆಗಿರಲಿಲ್ಲ, ತಿಂಗಳುಗಳಿಂದ ನಡೆದೇ ಇತ್ತು. ಬೀದಿಯಿಂದ ಹಿಡಿದು ತಂದವರಲ್ಲಿ ಮುದುಕರಿದ್ದರು, ಮಾನಸಿಕ ಅಸ್ವಸ್ಥರಿದ್ದರು, ಭಿಕ್ಷೆಯನ್ನೇ ಬೇಡದವರೂ ಇದ್ದರು. ನಾನಾಗ ಓದುತ್ತಿದ್ದೆ, ಮೆಸ್ಸಿನಲ್ಲಿ ಊಟ ಮಾಡುತ್ತ ಟಿವಿಯಲ್ಲಿ ಆ ಸುದ್ದಿ ನೋಡಿದ ನೆನಪಿದೆ. ಸಂದರ್ಶಕರು, ತನಿಖೆ, ಸಚಿವರ ಭೇಟಿ ಎಲ್ಲ ಆಯಿತು. ನನಗೆ ಇಂದು ಕಾಡುವುದು ಬೇರೆ. ಅದು ಕಾಡಿನೊಳಗಿನ ಜಾಗವಲ್ಲ, ಸುತ್ತಲೂ ಲಕ್ಷಾಂತರ ಜನ ತೆರಿಗೆ ಕಟ್ಟಿ ಬದುಕುತ್ತಿದ್ದ ಬೆಂಗಳೂರು. ಪ್ರತಿ ಮನೆಯ ರಸೀದಿಯಲ್ಲೂ ಆ ಕೇಂದ್ರದ ಹೆಸರಿನಲ್ಲಿ ಒಂದಿಷ್ಟು ರೂಪಾಯಿ ಇತ್ತು. ಬಳ್ಳಿಗಾವೆಯ ಶಾಸನ ಊರ ನಡುವೆ ನಿಂತು ಎಲ್ಲರಿಗೂ ಲೆಕ್ಕ ಹೇಳುತ್ತಿತ್ತು. ನಮ್ಮ ರಸೀದಿ ಡ್ರಾಯರಿನಲ್ಲಿ ಕೂತಿತ್ತು.

ಸಂಸ್ಥೆಗಳ ಮಾತಾಯಿತು. ಮನೆಯಲ್ಲೇ ಇರುವ ಮುದುಕರಿಗೆ ಸರ್ಕಾರ ತಲುಪುವುದು ಪಿಂಚಣಿಯ ಮೂಲಕ. ಉತ್ತರ ಪ್ರದೇಶ 1957ರಲ್ಲಿ ಶುರುಮಾಡಿತು, ನಮ್ಮ ರಾಜ್ಯ 1965ರಲ್ಲಿ. ಕೇಂದ್ರ ಸರ್ಕಾರ ಬಂದದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿಯೊಂದಿಗೆ. ನಂತರ ಅದು 200 ಆಯಿತು. 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ಅಲ್ಲಿಯೇ ನಿಂತಿದೆ. ಉಳಿದದ್ದನ್ನು ರಾಜ್ಯಗಳು ತುಂಬುತ್ತವೆ. ಕರ್ನಾಟಕದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಇದೆ. ಇಲ್ಲಿ ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಯೋಜನೆ, ಶ್ರಾವಣಬಾಳ ಯೋಜನೆ. 2023ರಲ್ಲಿ ಮೊತ್ತ 1,000ದಿಂದ 1,500 ರೂಪಾಯಿಗೆ ಏರಿತು. ಶ್ರಾವಣಬಾಳ ಎಂದರೆ ನಮ್ಮ ಶ್ರವಣಕುಮಾರನೇ. ಹೆತ್ತವರನ್ನು ಹೆಗಲ ಮೇಲೆ ಹೊತ್ತವನ ಹೆಸರನ್ನು ಸರ್ಕಾರ ಇಟ್ಟುಕೊಂಡಿದೆ, ವರ್ಷಕ್ಕೆ 21,000 ರೂಪಾಯಿ ಕುಟುಂಬ ಆದಾಯದ ಮಿತಿಯನ್ನೂ ಇಟ್ಟುಕೊಂಡಿದೆ!

ಇದರ ಫಲಾನುಭವಿಗಳನ್ನು ತೀರ್ಮಾನಿಸುವುದು ತಾಲ್ಲೂಕು ಮಟ್ಟದ ಸಮಿತಿ. ತಹಶೀಲ್ದಾರರು ಅದರ ಕಾರ್ಯದರ್ಶಿ. ನಗರ ಪರಿಷತ್ತಿನ ಕೆಲಸವಲ್ಲ. ವರ್ಷಕ್ಕೊಮ್ಮೆ ‘ಹಯಾತ್’ ದಾಖಲೆ, ಅಂದರೆ ನಾನಿನ್ನೂ ಬದುಕಿದ್ದೇನೆ ಎಂಬ ಪುರಾವೆ ಕೊಡಬೇಕು. ಸಿನ್ನರ್ ತಲೆತಲಾಂತರದಿಂದ ಬೀಡಿಯ ಊರು. ಇಲ್ಲಿನ ಹಳೆಯ ಓಣಿಗಳಲ್ಲಿ ಎಪ್ಪತ್ತು ದಾಟಿದ ಅನೇಕ ಹೆಂಗಸರು ಚಿಕ್ಕಂದಿನಿಂದ ಬೀಡಿ ಸುತ್ತಿದವರು. ಎಲೆ ಕತ್ತರಿಸಿ, ತಂಬಾಕು ತುಂಬಿ, ಉಗುರಿನಿಂದ ತುದಿ ಮಡಚಿ, ದಿನಕ್ಕೆ ನೂರಾರು. ಆ ಬೆರಳ ತುದಿಗಳಲ್ಲಿ ಗೆರೆಗಳು ಸವೆದಿರುತ್ತವೆ. ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ‘ಹೊಂದಿಕೆಯಾಗಿಲ್ಲ’ ಎನ್ನುತ್ತದೆ. ನಮ್ಮ ಮನೆಯ ಹಿಂದಿನ ಓಣಿಯ ಅಜ್ಜಿ ಒಬ್ಬರು ಹೀಗೆ ಮೂರು ಸಲ ತಿರುಗಿ ಬಂದರು. ನಾಲ್ಕನೆಯ ಸಲ ನಾನು ಜೊತೆಗೆ ಹೋಗಿ, ಕಣ್ಣಿನ ಪಾಪೆಯ ಗುರುತಿನಿಂದಲೂ ಮಾಡಬಹುದಲ್ಲ ಎಂದು ಕೇಳಿದೆ. ಆ ಯಂತ್ರ ಅವರಲ್ಲಿರಲಿಲ್ಲ. ಕೊನೆಗೆ ಬೇರೆ ಶಾಖೆಯಲ್ಲಿ ಪುಸ್ತಕ ತೋರಿಸಿ, ಸಹಿಯ ಬದಲು ಹೆಬ್ಬೆಟ್ಟಿನ ಶಾಯಿ ಒತ್ತಿ ಹಣ ಬಂತು. ಅದೇ ಹೆಬ್ಬೆಟ್ಟು! ಶಾಯಿಗೆ ಸಾಕಾದದ್ದು ಗಾಜಿಗೆ ಸಾಲಲಿಲ್ಲ.

ಇಂಥ ವ್ಯವಸ್ಥೆ ಕಟ್ಟುವ ವೃತ್ತಿಯವಳಾಗಿ ಹೇಳುತ್ತೇನೆ, ಯಂತ್ರ ವಿಫಲವಾದದ್ದು ದೊಡ್ಡ ವಿಷಯವಲ್ಲ, ಯಾವ ಯಂತ್ರವೂ ಆಗುತ್ತದೆ. ವಿಫಲವಾಯಿತು ಎಂಬ ಸುದ್ದಿ ಆ ಅಜ್ಜಿಯ ಮನೆಯ ಆಚೆಗೆ ಯಾರಿಗೂ ಹೋಗಲಿಲ್ಲ ಎಂಬುದು ದೊಡ್ಡದು. ಹಿಂದೆ ಮನಿಯಾರ್ಡರ್ ತರುತ್ತಿದ್ದ ಅಂಚೆಯವನ ಬಗ್ಗೆ ದೂರುಗಳಿದ್ದವು, ಹತ್ತೋ ಇಪ್ಪತ್ತೋ ಕಿತ್ತುಕೊಳ್ಳುತ್ತಾನೆ ಎಂದು. ಆದರೂ ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಬಾಗಿಲಿಗೆ ಬಂದು, ಅಜ್ಜಿ ಹೇಗಿದ್ದಾಳೆ ಎಂದು ಕಣ್ಣಾರೆ ಕಾಣುತ್ತಿದ್ದ. ನಾವು ಆ ಹತ್ತು ರೂಪಾಯಿಯ ಸೋರಿಕೆ ನಿಲ್ಲಿಸಿದೆವು, ಒಳ್ಳೆಯದೇ. ಕಣ್ಣನ್ನೂ ತೆಗೆದೆವು.

2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಬಗ್ಗೆ ನಿಮಗೆಲ್ಲ ಅಲ್ಪಸ್ವಲ್ಪ ಗೊತ್ತಿರುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ, ನೋಡಿಕೊಳ್ಳುತ್ತೇವೆಂದು ಬರೆಸಿಕೊಂಡ ಆಸ್ತಿಯನ್ನು ಹಿಂದಕ್ಕೆ ಪಡೆಯುವ ಹಕ್ಕು. ಒಳ್ಳೆಯ ಕಾಯ್ದೆ. ಅದರ 19ನೆಯ ಕಲಮು ಜಿಲ್ಲೆಗೊಂದರಂತೆ, 150 ಬಡ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಅಲ್ಲಿಯೂ ಕ್ರಿಯಾಪದ ನೋಡಿ: ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’. ಹನ್ನೊಂದು ವರ್ಷಗಳ ನಂತರ, 2018ರ ಡಿಸೆಂಬರ್‌ನಲ್ಲಿ, ಮಾಜಿ ಕಾನೂನು ಸಚಿವ ಅಶ್ವನಿ ಕುಮಾರ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ತರಿಸಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಗುಣಮಟ್ಟದ ಮಾತು ಇನ್ನೂ ದೂರ, ಮೊದಲು ಎಣಿಕೆ.

ಕೇಂದ್ರದ ಮಾದರಿ ನಿಯಮಗಳಲ್ಲಿ ಒಂಟಿಯಾಗಿ ಬದುಕುವ ಹಿರಿಯರ ಪಟ್ಟಿಯ ಮಾತೂ ಇದೆ, ತಿಂಗಳಿಗೊಮ್ಮೆಯಾದರೂ ಅವರ ಮನೆಗೆ ಹೋಗಬೇಕು ಎಂದೂ ಇದೆ. ಪಟ್ಟಿ ಇಡಬೇಕಾದವರು ಪೊಲೀಸ್ ಠಾಣೆಯವರು, ಸಾಧ್ಯವಾದರೆ ಒಬ್ಬ ಸಮಾಜಸೇವಕರ ಜೊತೆ. ಕಳ್ಳತನ, ಕೊಲೆಯ ಭಯಕ್ಕೆ ಇದು ಸರಿ. ಆದರೆ ನೀರು ಬಂತೇ, ಮೆಟ್ಟಿಲ ಬಳಿ ದೀಪ ಇದೆಯೇ, ಬಿಪಿ ಮಾತ್ರೆ ಮುಗಿಯಿತೇ ಎಂದು ಪೊಲೀಸರು ಕೇಳುತ್ತಾರೆಯೇ? ಕೇಳಬೇಕಾದ ಇಲಾಖೆಗಳೆಲ್ಲ ಇರುವುದು ನಗರ ಪರಿಷತ್ತಿನ ಸುತ್ತಮುತ್ತ, ಪಟ್ಟಿ ಇರುವುದು ಠಾಣೆಯಲ್ಲಿ.

ಸ್ಥಳೀಯ ಆಡಳಿತವೇ ಮುಂದೆ ಬಂದ ಒಂದು ಪ್ರಸಂಗ ಇದೆ, ಅದೂ ನಮ್ಮ ಬೀದರಿನ ಪಕ್ಕದ ಲಾತೂರಿನಲ್ಲಿ. ಅಲ್ಲಿನ ಜಿಲ್ಲಾ ಪರಿಷತ್ತು 2020ರ ನವೆಂಬರ್‌ನಲ್ಲಿ ನಿರ್ಣಯ ಮಾಡಿ, ಹೆತ್ತವರನ್ನು ನೋಡಿಕೊಳ್ಳದ ತನ್ನ ನೌಕರರ ಸಂಬಳದಿಂದ ಶೇಕಡ 30 ಕಡಿದು ಹೆತ್ತವರ ಖಾತೆಗೆ ಹಾಕಲು ಹೊರಟಿತು. ದೂರು ಬಂದ 12 ನೌಕರರಲ್ಲಿ ಶಿಕ್ಷಕರೂ ಇದ್ದರು. ಸುದ್ದಿ ದೇಶವೆಲ್ಲ ಓಡಾಡಿತು, ನಮ್ಮ ವಾಟ್ಸಾಪ್ ಗುಂಪಿನಲ್ಲೂ ಚಪ್ಪಾಳೆ ಬಿದ್ದವು. ನಾನೂ ಮೆಚ್ಚಿದೆ. ಆದರೂ ಅದು ಮಕ್ಕಳ ಮೇಲಿನ ಉಸ್ತುವಾರಿ, ಪರಿಷತ್ತಿನ ಸ್ವಂತ ಸೇವೆಯ ಮೇಲಿನದಲ್ಲ. ಅದೇ ಜಿಲ್ಲಾ ಪರಿಷತ್ತುಗಳು ನಡೆಸುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುದುಕರಿಗೆ ಕೂರಲು ಬೆಂಚು ಇದೆಯೇ ಎಂಬ ಪ್ರಶ್ನೆಗೆ ಯಾರ ಸಂಬಳವೂ ಕಡಿತವಾಗುವುದಿಲ್ಲ.

ಇನ್ನು ನಮ್ಮ ಪಾಲಿನ ಮಾತು. ಮಕ್ಕಳು ನೋಡಿಕೊಳ್ಳಲಿ ಎಂದು ಕಾನೂನು ಹೇಳಿದಾಗ ನಡುರಾತ್ರಿ ಎದ್ದು ಬೆಡ್‌ಪ್ಯಾನ್ ಇಡುವವರು ಹೆಚ್ಚಾಗಿ ಸೊಸೆಯಂದಿರು. 2007ರ ಕಾಯ್ದೆಯ ‘ಮಕ್ಕಳು’ ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಕ್ಕಳು ಇದ್ದಾರೆ. ಸೊಸೆ, ಅಳಿಯ ಇಲ್ಲ. ಅವರನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು, ಕಾಯ್ದೆಯಾಗದೆ ಬಿದ್ದುಹೋಯಿತು. ಹೊಣೆಯ ಪಟ್ಟಿಯಲ್ಲಿ ಸೇರಿಸುವ ಮುಂಚೆ ಸಹಾಯದ ಪಟ್ಟಿಯಲ್ಲಿ ಸೇರಿಸಿ ಎಂದು ನಾನಾದರೆ ಕೇಳುತ್ತಿದ್ದೆ. ಇದೇ ಕಾಯ್ದೆಯನ್ನು ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಿದ ಬೆಂಗಳೂರಿನ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಡಿಸೆಂಬರ್ 15ರ ತೀರ್ಪು, ಹಿರಿಯರ ರಕ್ಷಣೆಯ ಕಾಯ್ದೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನು ತುಳಿಯುವಂತಿಲ್ಲ, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಅಧಿಕಾರಿ ಮನೆಯೊಳಗೆ ಬರುವುದು ಜಗಳ ವಿಕೋಪಕ್ಕೆ ಹೋದಮೇಲೆ, ಆದೇಶದ ಕಾಗದ ಹಿಡಿದು. ಅದಕ್ಕೆ ವರ್ಷಗಳ ಮುಂಚೆ, ಹಾಸಿಗೆ ಹಿಡಿದ ಅತ್ತೆಯನ್ನೂ ನಿದ್ದೆಯಿಲ್ಲದ ಸೊಸೆಯನ್ನೂ ಒಟ್ಟಿಗೆ ಕಂಡು, “ವಾರಕ್ಕೆರಡು ಸಲ ಒಬ್ಬ ಸಹಾಯಕಿಯನ್ನು ಕಳಿಸಲೇ?” ಎಂದು ಕೇಳುವ ವಾರ್ಡಿನ ವ್ಯವಸ್ಥೆ ನಮ್ಮಲ್ಲಿ ಹುಟ್ಟಲಿಲ್ಲ. ಆಶಾ ಕಾರ್ಯಕರ್ತೆ ಬರುತ್ತಾಳೆ, ಆದರೆ ಅವಳ ಪಟ್ಟಿಯಲ್ಲಿ ಗರ್ಭಿಣಿ, ಬಾಣಂತಿ, ಮಗು ಮೊದಲು. ಅಜ್ಜಿಯ ಸರದಿ ಬರುವ ಹೊತ್ತಿಗೆ ಅವಳಿಗೇ ಸಂಜೆಯಾಗಿರುತ್ತದೆ.

ನಮ್ಮ ಸಂಘದಿಂದ ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ಹೊತ್ತಿಗೆ ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇವಲ್ಲ, ಕಂಬಳಿ, ಹಣ್ಣು, ಭಾವಗೀತೆ. ಹೋದ ವರ್ಷ ಹಾಡು ನಡೆಯುವಾಗ ಕಚೇರಿಯ ಮೇಜಿನ ಮೇಲಿದ್ದ ಸಂದರ್ಶಕರ ಪುಸ್ತಕ ತಿರುವಿ ಹಾಕಿದೆ. ಹಲವು ವರ್ಷಗಳ ಬರಹ. ಹುಟ್ಟುಹಬ್ಬ ಆಚರಿಸಲು ಬಂದವರು, ಕಾಲೇಜಿನವರು, ಕಂಪನಿಯವರು, ರಾಜಕಾರಣಿಗಳು. “ಅತ್ಯುತ್ತಮ ಸೇವೆ”, “ಮನ ತುಂಬಿ ಬಂತು”, “ದೇವರು ಒಳ್ಳೆಯದು ಮಾಡಲಿ”. ಮರಾಠಿ, ಹಿಂದಿ, ಗುಜರಾತಿ, ನಮ್ಮ ಕನ್ನಡದಲ್ಲೂ ಎರಡು ಪುಟ. ನಗರಾಡಳಿತದಿಂದ ತಪಾಸಣೆಗೆ ಬಂದವರ ಸಹಿ ಒಂದೂ ನನಗೆ ಸಿಗಲಿಲ್ಲ. ಸ್ನಾನದ ಮನೆಯಲ್ಲಿ ಹಿಡಿಕೆ ಇದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಕೊನೆಯ ಸಲ ವೈದ್ಯರು ಬಂದದ್ದು ಎಂದು ಎಂದು ಬರೆದವರೂ ಯಾರೂ ಇಲ್ಲ. ಈ ನವೆಂಬರ್‌ಗೆ ನಾವು ನಾಲ್ಕು ಜನ ಆ ಮೂರು ಪ್ರಶ್ನೆಗಳನ್ನು ಒಯ್ಯುತ್ತೇವೆ ಎಂದು ಮಾತಾಡಿಕೊಂಡಿದ್ದೇವೆ. ಕಂಬಳಿಯೂ ಇರುತ್ತದೆ, ಚಳಿ ಇಲ್ಲಿ ಜೋರು. ಬರುವವರು ವೇದಿಕೆಯ ಗುಂಪಿನಲ್ಲಿ ಹೆಸರು ಕೊಡಿ. ಉತ್ತರಗಳನ್ನು ಆ ಪುಸ್ತಕದಲ್ಲೇ, ದಿನಾಂಕ ಹಾಕಿ, ಮರಾಠಿಯಲ್ಲೂ ಕನ್ನಡದಲ್ಲೂ ಬರೆಯಲು ಅಕ್ಷರ ಚೆನ್ನಾಗಿರುವ ಒಬ್ಬರು ಬೇಕಾಗಿದ್ದಾರೆ.